ಕತ್ತಿನೊಳಗಿನ ಕೇಜ್: ಮೂಳೆ ಬೆಸೆದುಕೊಂಡರೆ ರೋಗಿ ಗುಣವಾದಂತೆಯೇ?

ಕತ್ತಿನ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಸವೆದಾಗ ಅದನ್ನು ತೆಗೆದು, ಖಾಲಿಯಾದ ಜಾಗದಲ್ಲಿ ಕೇಜ್ ಎಂಬ ಪುಟ್ಟ ಪೊಳ್ಳು ತುಂಡನ್ನು ಕೂರಿಸಿ, ಮೇಲಿನ ಮೂಳೆಯೂ ಕೆಳಗಿನ ಮೂಳೆಯೂ ಒಂದಾಗಿ ಬೆಸೆದುಕೊಳ್ಳುವಂತೆ ಮಾಡುವ ಶಸ್ತ್ರಚಿಕಿತ್ಸೆ ಇಂದು ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ವಾಡಿಕೆಯ ಕೆಲಸ. ಅದು ಫಲಿಸಿತೇ ಎಂದು ವರ್ಷ ಕಳೆದ ಮೇಲೆ ಕೇಳಿದರೆ ಉತ್ತರ ಎರಡು ಕಡೆಯಿಂದ ಬರುತ್ತದೆ. ಎಕ್ಸ್‌ರೇ ಹೇಳುವುದು ಒಂದು: ಕೇಜಿನ ಮೂಲಕ ಹೊಸ ಮೂಳೆ ಬೆಳೆದಿದೆ, ಕತ್ತು ಬಗ್ಗಿಸಿದರೂ ಎತ್ತಿದರೂ ಆ ಎರಡು ಮೂಳೆಗಳ ನಡುವೆ ಅಲುಗಾಟವಿಲ್ಲ. ರೋಗಿ ಹೇಳುವುದು ಇನ್ನೊಂದು: ತೋಳಿನ ಸೆಳೆತ ಹೋಯಿತು, ಬೆರಳಿನ ಜೋಮು ಉಳಿದಿದೆ, ಅಥವಾ ಕೈ ಸರಿಯಾಯಿತು, ಕತ್ತು ಮಾತ್ರ ಬೆಳಿಗ್ಗೆ ಹಿಡಿದುಕೊಳ್ಳುತ್ತದೆ. ಈ ಎರಡೂ ಉತ್ತರಗಳು ಒಂದರ ಬೆನ್ನಿಗೆ ಒಂದು ತಾವಾಗಿ ಬರುತ್ತವೆ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಏಳು ದಶಕಗಳ ಪುರಾವೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ರೋಗಿಯ ಸುಧಾರಣೆಯನ್ನು ಹೆಚ್ಚಾಗಿ ನಿರ್ಧರಿಸುವುದು ನರದ ಮೇಲಿನ ಒತ್ತಡ ಇಳಿಯಿತೇ, ಯಾರಿಗೆ, ಯಾವ ಹಂತದಲ್ಲಿ ಇಳಿಯಿತು ಎಂಬುದು. ಕೇಜಿನ ಪಾಲು ಅದರ ಮುಂದೆ ಚಿಕ್ಕದು. ಈ ಲೇಖನ ಆ ವಾದವನ್ನು ಪುರಾವೆಯ ಜೊತೆ ಪರಿಶೀಲಿಸುತ್ತದೆ. ಅದಕ್ಕೆ ಬರುವ ಆಕ್ಷೇಪಣೆಗಳನ್ನೂ ಬಿಡುವುದಿಲ್ಲ.

ಸೊಂಟದ ಮೂಳೆಯಿಂದ ಕೇಜಿನವರೆಗೆ

ಕತ್ತಿನ ಬೆನ್ನೆಲುಬನ್ನು ಮುಂಭಾಗದಿಂದ ತಲುಪುವ ದಾರಿಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ರಾಬಿನ್ಸನ್ ಮತ್ತು ಸ್ಮಿತ್ 1955ರಲ್ಲಿ ವರದಿ ಮಾಡಿದರು. ಗಂಟಲಿನ ಪಕ್ಕದಲ್ಲಿ ಕೊಯ್ದು, ಒಂದು ಬದಿಗೆ ಶ್ವಾಸನಾಳ ಮತ್ತು ಅನ್ನನಾಳ, ಇನ್ನೊಂದು ಬದಿಗೆ ತಲೆಗೆ ರಕ್ತ ಒಯ್ಯುವ ದೊಡ್ಡ ನಾಳ, ಇವೆರಡನ್ನೂ ಸರಿಸಿದರೆ ಸ್ನಾಯುವನ್ನು ಹೆಚ್ಚು ಕತ್ತರಿಸದೆ ಮೂಳೆಯ ಮುಂಭಾಗ ಸಿಗುತ್ತದೆ. ಡಿಸ್ಕ್ ತೆಗೆದ ಜಾಗಕ್ಕೆ ಅವರು ಅದೇ ರೋಗಿಯ ಸೊಂಟದಿಂದ ಕುದುರೆ ಲಾಳದ ಆಕಾರದಲ್ಲಿ ಕತ್ತರಿಸಿದ ಮೂಳೆಯನ್ನು ಕೂರಿಸಿದರು. ಹವಾಯಿಯ ನರಶಸ್ತ್ರಚಿಕಿತ್ಸಕ ಕ್ಲೋವರ್ಡ್ 1958ರಲ್ಲಿ ವಿವರಿಸಿದ ವಿಧಾನದಲ್ಲಿ ದುಂಡಗೆ ಕೊರೆದ ರಂಧ್ರಕ್ಕೆ ದುಂಡನೆಯ ಮೂಳೆ ಬಂತು. ಮೇಲ್ನೋಟಕ್ಕೆ ಇದು ಆಕಾರದ ವ್ಯತ್ಯಾಸ. ಆದರೆ ಇಂದಿನ ವಾದದ ಬೀಜ ಅಲ್ಲೇ ಇದೆ. ನರವನ್ನು ಒತ್ತುವ ಮೂಳೆಯ ಮುಳ್ಳುಗಳನ್ನು ರಾಬಿನ್ಸನ್ ಮತ್ತು ಸ್ಮಿತ್ ಹಾಗೆಯೇ ಬಿಡುತ್ತಿದ್ದರು. ಚಲನೆ ನಿಂತರೆ ಅವು ತಾವಾಗಿ ಕರಗುತ್ತವೆ, ನಡುವಿನ ಎತ್ತರ ಮರಳಿ ಬಂದರೆ ನರ ಹೊರಡುವ ಕಿಂಡಿ ತೆರೆದುಕೊಳ್ಳುತ್ತದೆ ಎಂಬುದು ಅವರ ಎಣಿಕೆ. ಕ್ಲೋವರ್ಡ್ ಆ ಮುಳ್ಳುಗಳನ್ನೇ ಕೊರೆದು ತೆಗೆಯುತ್ತಿದ್ದರು. ಬೆಸುಗೆಯೇ ಚಿಕಿತ್ಸೆ ಎಂಬ ಪಕ್ಷ, ಒತ್ತಡ ಇಳಿಸುವುದೇ ಚಿಕಿತ್ಸೆ ಎಂಬ ಪಕ್ಷ, ಎರಡೂ ಹೀಗೆ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು.

ಸೊಂಟದ ಮೂಳೆಗೆ ಬೆಲೆ ಇರಲಿಲ್ಲ, ಅದನ್ನು ದೇಹ ತಿರಸ್ಕರಿಸುತ್ತಲೂ ಇರಲಿಲ್ಲ. ಆದರೆ ತೆಗೆದ ಜಾಗ ನೋಯುತ್ತಿತ್ತು. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸಮೀಕ್ಷೆಯಲ್ಲಿ, ಒಂದೇ ಡಿಸ್ಕಿನ ಬೆಸುಗೆಯಾಗಿ ವರ್ಷಗಳು ಕಳೆದ 134 ಮಂದಿ ಉತ್ತರಿಸಿದರು. ಅವರಲ್ಲಿ ಶೇ 26ರಷ್ಟು ಜನಕ್ಕೆ ಸೊಂಟದ ಆ ಜಾಗ ಇನ್ನೂ ನೋಯುತ್ತಿತ್ತು. ಕತ್ತಿನ ನೋವಿಗೆಂದು ಹೋಗಿ ಸೊಂಟದ ನೋವು ಹೊತ್ತು ಬಂದವರು ಇವರು. ಕೇಜ್ ಬಂದದ್ದಕ್ಕೆ ಇದು ದೊಡ್ಡ ಕಾರಣ. ಅದರ ಮೊದಲ ರೂಪ ಕುದುರೆಗಳದ್ದು. ಕತ್ತಿನ ಬೆನ್ನುಹುರಿ ಒತ್ತಿಹೋಗಿ ತೂರಾಡುವ ಕುದುರೆಗಳಿಗಾಗಿ ಅಮೆರಿಕದ ಮೂಳೆ ವೈದ್ಯ ಜಾರ್ಜ್ ಬ್ಯಾಗ್ಬಿ 1970ರ ದಶಕದಲ್ಲಿ ರಂಧ್ರಗಳಿರುವ ಉಕ್ಕಿನ ಬುಟ್ಟಿ ರೂಪಿಸಿ, ಅದರೊಳಗೆ ಕೊರೆದ ಮೂಳೆಯ ಪುಡಿಯನ್ನೇ ತುಂಬಿದರು. ರೇಸಿನ ಪ್ರಖ್ಯಾತ ಕುದುರೆ ಸಿಯಾಟಲ್ ಸ್ಲೂ ಮುಂದೆ ಅಂಥ ಶಸ್ತ್ರಚಿಕಿತ್ಸೆ ಪಡೆಯಿತು. ಮನುಷ್ಯರ ಬೆನ್ನಿನ ಕೇಜುಗಳು ಆ ಬುಟ್ಟಿಯ ವಂಶದವು.

ಇಂದಿನ ಕೇಜ್ ಅಂಗೈಯಲ್ಲಿಟ್ಟರೆ ಒಂದು ದೊಡ್ಡ ಗುಂಡಿಯಷ್ಟಿರುತ್ತದೆ. ಎತ್ತರ ಸಾಮಾನ್ಯವಾಗಿ ಐದರಿಂದ ಎಂಟು ಮಿಲಿಮೀಟರ್. ಮೇಲೂ ಕೆಳಗೂ ಜಾರದಂತೆ ಸಣ್ಣ ಹಲ್ಲುಗಳು, ನಡುವೆ ಮೂಳೆಯ ಪುಡಿ ತುಂಬಲು ಒಂದು ಪೊಳ್ಳು. ಟೈಟಾನಿಯಂ ಲೋಹ ಮೂಳೆಗಿಂತ ಬಹಳ ಬಿಗಿಯಾದ ವಸ್ತು, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡು ಒಳಗಿನದನ್ನು ಮರೆಮಾಡುತ್ತದೆ. ಪೀಕ್ ಎಂಬ ಪ್ಲಾಸ್ಟಿಕ್ ಬಿಗಿತದಲ್ಲಿ ಮೂಳೆಗೆ ಹತ್ತಿರ, ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಅದರ ಅಂಚಿನಲ್ಲಿ ಲೋಹದ ಸಣ್ಣ ಚುಕ್ಕೆಗಳನ್ನು ಹುದುಗಿಸುತ್ತಾರೆ. ಸ್ಕ್ಯಾನಿನಲ್ಲಿ ಕೇಜ್ ಎಲ್ಲಿದೆ ಎಂದು ಆ ಚುಕ್ಕೆಗಳಿಂದ ಊಹಿಸಬೇಕು. ಆದರೆ ಮೂಳೆ ಪೀಕ್‌ಗೆ ಅಂಟಿಕೊಳ್ಳುವುದಿಲ್ಲ, ನಡುವೆ ನಾರಿನ ಪದರ ಬೆಳೆಯುತ್ತದೆ. ಈ ಕೊರತೆ ನೀಗಲು ಟೈಟಾನಿಯಂ ಲೇಪಿಸಿದ ಪೀಕ್ ಬಂತು, ನಂತರ ತ್ರೀಡಿ ಮುದ್ರಣದ ರಂಧ್ರಮಯ ಟೈಟಾನಿಯಂ ಬಂತು. ಹಿಂದಿನ ಕೇಜಿನ ಒಂದೊಂದು ಕೊರತೆಯೂ ಮುಂದಿನ ಕೇಜಿಗೆ ದಾರಿಯಾಯಿತು. ರೋಗಿಗೆ ಅದರಿಂದ ಎಷ್ಟು ಹೆಚ್ಚು ಒಳಿತಾಯಿತು ಎಂಬ ಲೆಕ್ಕ ಅದೇ ವೇಗದಲ್ಲಿ ಬೆಳೆಯಲಿಲ್ಲ.

ಬೆಸುಗೆಯೇ ಗುರಿ ಎನ್ನುವವರು

ಈ ಪಕ್ಷದ ವಾದ ಸರಳ, ಗಟ್ಟಿ. ಅಲುಗುವ ಜಾಗ ನೋಯುತ್ತದೆ, ಅಲುಗಾಟ ನಿಂತರೆ ನೋವು ನಿಲ್ಲುತ್ತದೆ. ಬೆಸೆಯದೆ ಉಳಿದ ಕತ್ತಿನಲ್ಲಿ, ಮೂಳೆಗಳನ್ನು ಹಿಡಿದಿಡಲು ಸ್ಕ್ರೂ ಹಾಕಿ ಬಿಗಿದ ಪ್ಲೇಟು ಸಡಿಲವಾಗಬಹುದು, ಸ್ಕ್ರೂ ಮುರಿಯಬಹುದು, ನೋವು ಮರಳಿ ಬಂದು ಎರಡನೇ ಸಲ ಕೊಯ್ಯಬೇಕಾಗಬಹುದು. ಇದೆಲ್ಲ ನಿಜ. ಎರಡು, ಮೂರು ಡಿಸ್ಕುಗಳನ್ನು ಒಟ್ಟಿಗೆ ಬೆಸೆಯುವಾಗ, ಅದರಲ್ಲೂ ಧೂಮಪಾನಿಗಳಲ್ಲಿ, ಬೆಸುಗೆ ವಿಫಲವಾಗುವ ಸಂಭವ ಹೆಚ್ಚು ಎಂಬುದಕ್ಕೂ ಒಳ್ಳೆಯ ಪುರಾವೆಯಿದೆ.

ತೊಡಕು ಒಂದೇ ಡಿಸ್ಕಿನ ಶಸ್ತ್ರಚಿಕಿತ್ಸೆಗೆ ಬಂದಾಗ ಶುರುವಾಗುತ್ತದೆ. ಕೊಯ್ಯಿಸಿಕೊಳ್ಳುವವರಲ್ಲಿ ಅಂಥವರೇ ಬಹಳ. ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಕಣ್ಣು ತೆರೆಸುವಂಥದ್ದು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೊಂಟದ ಮೂಳೆ, ಇನ್ನೊಂದಕ್ಕೆ ರಂಧ್ರಮಯ ಟ್ಯಾಂಟಲಮ್ ಲೋಹದ ತುಂಡು ಹಾಕಿದರು. ಎರಡು ವರ್ಷದ ನಂತರ ಸೊಂಟದ ಮೂಳೆಯವರಲ್ಲಿ ಶೇ 92, ಲೋಹದವರಲ್ಲಿ ಶೇ 69 ಮಂದಿಗೆ ಬೆಸುಗೆಯಾಗಿತ್ತು. ಬೆಸುಗೆಯೇ ಚಿಕಿತ್ಸೆಯಾಗಿದ್ದರೆ ರೋಗಿಗಳ ಸ್ಥಿತಿಯಲ್ಲೂ ಅಷ್ಟೇ ಅಂತರ ಕಾಣಬೇಕಿತ್ತು. ನೋವಿನಲ್ಲೂ ದಿನಬಳಕೆಯ ಓಡಾಟದಲ್ಲೂ ಗುರುತಿಸುವಂಥ ಅಂತರ ಸಿಗಲಿಲ್ಲ. 33 ಪ್ರಯೋಗಗಳ 2,267 ರೋಗಿಗಳನ್ನು ಒಟ್ಟಿಗೆ ನೋಡಿದ 2011ರ ಕಾಕ್ರೇನ್ ಸಮೀಕ್ಷೆಯೂ ಇದೇ ಇಕ್ಕಟ್ಟಿಗೆ ಬಂತು: ಬೆಸುಗೆಯನ್ನೇ ಅಳತೆಯಾಗಿಟ್ಟುಕೊಂಡರೆ ಸೊಂಟದ ಮೂಳೆ ಮುಂದೆ, ತೊಂದರೆಗಳನ್ನು ಎಣಿಸಿದರೆ ಕೇಜ್ ಮುಂದೆ, ಎರಡಕ್ಕೂ ಆಧಾರ ದುರ್ಬಲ. ಕೇಜ್ ಮೂಳೆಯೊಳಗೆ ಎರಡು ಮೂರು ಮಿಲಿಮೀಟರ್ ಕುಸಿಯುವುದನ್ನು ವೈಫಲ್ಯ ಎಂದು ಬರೆಯುವ ಪ್ರಬಂಧಗಳೂ ಬಹಳಷ್ಟಿವೆ. ಕುಸಿದವರು ಕುಸಿಯದವರಿಗಿಂತ ಹೆಚ್ಚು ನರಳುತ್ತಾರೆ ಎಂಬುದನ್ನು ಅವು ಸಾಮಾನ್ಯವಾಗಿ ತೋರಿಸಿಕೊಡುವುದಿಲ್ಲ.

ಬೆಸುಗೆಯಾಗದಿರುವುದರ ಪರಿಣಾಮ ತಡವಾಗಿ ಬರುತ್ತದೆ, ಎರಡು ವರ್ಷ ಸಾಲದು ಎಂದು ಈ ಪಕ್ಷ ಆಕ್ಷೇಪಿಸಬಹುದು. ಅದು ಒಪ್ಪತಕ್ಕ ಮಾತು. ಹಲವು ಡಿಸ್ಕುಗಳ ಬೆಸುಗೆಯಲ್ಲಿ ಪ್ಲೇಟಿನ ಬೆಂಬಲ ಬೇಕು ಎಂಬುದನ್ನೂ ನಾನು ಒಪ್ಪುತ್ತೇನೆ. ಒಂದೇ ಡಿಸ್ಕಿನಲ್ಲಿ ಮಾತ್ರ, ಎಕ್ಸ್‌ರೇಯ ಬೆಸುಗೆಯನ್ನು ರೋಗಿಯ ಆರೋಗ್ಯಕ್ಕೆ ಬದಲಿಯಾಗಿ ಎಣಿಸುವುದಕ್ಕೆ ಆಧಾರ ಕಾಣುವುದಿಲ್ಲ.

ಒತ್ತಡ ಇಳಿದರೆ ಸಾಕು ಎನ್ನುವವರು

ಹಾಗಾದರೆ ಡಿಸ್ಕ್ ತೆಗೆದು ಜಾಗವನ್ನು ಖಾಲಿ ಬಿಟ್ಟರೆ? 1960ರ ದಶಕದಿಂದಲೇ ಕೆಲವರು ಹಾಗೆ ಮಾಡುತ್ತ ಬಂದಿದ್ದಾರೆ. ಅಚ್ಚರಿಯೆಂದರೆ ಏನನ್ನೂ ತುಂಬದಿದ್ದರೂ ಆ ಎರಡು ಮೂಳೆಗಳು ಬಹಳ ಮಂದಿಯಲ್ಲಿ ಕಾಲಕ್ರಮೇಣ ತಾವಾಗಿ ಬೆಸೆದುಕೊಳ್ಳುತ್ತವೆ. ನೆದರ್‌ಲ್ಯಾಂಡ್ಸ್‌ನ ಎರಡು ಪ್ರಯೋಗಗಳು ಈ ಪ್ರಶ್ನೆಯನ್ನು ನೇರವಾಗಿ ಕೇಳಿದವು. 142 ರೋಗಿಗಳ ಪ್ರೊಕಾನ್ ಮತ್ತು 109 ರೋಗಿಗಳ ನೆಕ್ ಎಂಬ ಈ ಪ್ರಯೋಗಗಳಲ್ಲಿ ಮೂರು ಗುಂಪು: ಡಿಸ್ಕ್ ತೆಗೆದು ಸುಮ್ಮನೆ ಬಿಟ್ಟವರು, ಕೇಜ್ ಹಾಕಿಸಿಕೊಂಡವರು, ಅಲುಗುವ ಕೃತಕ ಡಿಸ್ಕ್ ಹಾಕಿಸಿಕೊಂಡವರು. ನೆಕ್ ಪ್ರಯೋಗದಲ್ಲಿ ತಮಗೆ ಯಾವುದು ಆಯಿತು ಎಂದು ರೋಗಿಗಳಿಗೂ ತಿಳಿಸಿರಲಿಲ್ಲ. ಎರಡೂ ಕಡೆ ಮೂರೂ ಗುಂಪುಗಳ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಹಿಂಭಾಗದಿಂದ ನರದ ಕಿಂಡಿಯನ್ನಷ್ಟೇ ಅಗಲ ಮಾಡುವ ವಿಧಾನವನ್ನು ಮುಂಭಾಗದ ಬೆಸುಗೆಯ ಜೊತೆ ಹೋಲಿಸಿದ ಮತ್ತೊಂದು ಡಚ್ ಪ್ರಯೋಗ 265 ರೋಗಿಗಳದ್ದು. ಏನನ್ನೂ ಒಳಗೆ ಬಿಡದ ಆ ವಿಧಾನವೂ ಹಿಂದೆ ಬೀಳಲಿಲ್ಲ ಎಂದು ಅದು 2023ರಲ್ಲಿ ವರದಿ ಮಾಡಿತು.

ಇಲ್ಲಿಯೂ ಆಕ್ಷೇಪಣೆಯಿದೆ, ಅದು ಹಗುರವಾದದ್ದಲ್ಲ. ಖಾಲಿ ಬಿಟ್ಟ ಜಾಗ ಕುಸಿಯುತ್ತದೆ, ಕತ್ತಿನ ಸಹಜವಾದ ಬಾಗು ತಿರುವುಮುರುವಾಗಬಹುದು, ಮೊದಲ ವಾರಗಳಲ್ಲಿ ಕತ್ತಿನ ಹಿಂಭಾಗ ಜಾಸ್ತಿ ನೋಯುತ್ತದೆ. ಈಗಾಗಲೇ ಬಾಗು ಕೆಟ್ಟಿರುವ, ಒಂದಕ್ಕಿಂತ ಹೆಚ್ಚು ಕಡೆ ಒತ್ತಡವಿರುವ ಕತ್ತಿಗೆ ಇದು ಸಲ್ಲದು. ಮೇಲೆ ಹೇಳಿದ ಪ್ರಯೋಗಗಳಲ್ಲಿದ್ದವರು ಆಯ್ದ ರೋಗಿಗಳು, ಬಹುಪಾಲು ಒಂದೇ ನರ ಒತ್ತಿಹೋದವರು. ಅವರಿಂದ ಕಲಿತದ್ದನ್ನು ಎಲ್ಲ ಕತ್ತುಗಳಿಗೂ ಹಿಗ್ಗಿಸಿದರೆ ತಪ್ಪಾಗುತ್ತದೆ.

ಪಕ್ಕದ ಡಿಸ್ಕಿನ ಜಗಳ

1999ರಲ್ಲಿ ಹಿಲಿಬ್ರ್ಯಾಂಡ್ ಮತ್ತು ಸಂಗಡಿಗರು 374 ರೋಗಿಗಳ ದೀರ್ಘಕಾಲದ ದಾಖಲೆ ಪ್ರಕಟಿಸಿದರು. ಬೆಸುಗೆಯಾದವರಲ್ಲಿ ವರ್ಷಕ್ಕೆ ಶೇ 2.9ರಷ್ಟು ಮಂದಿಗೆ ಪಕ್ಕದ ಡಿಸ್ಕಿನಿಂದ ಹೊಸ ತೊಂದರೆ ಕಾಣಿಸಿಕೊಂಡಿತ್ತು; ಹತ್ತು ವರ್ಷಕ್ಕೆ ನಾಲ್ವರಲ್ಲಿ ಒಬ್ಬರಿಗೆ ಇದು ಬರಬಹುದೆಂದು ಅವರ ಅಂದಾಜು. ಒಂದು ಕೀಲು ಕಟ್ಟಿದರೆ ಅದರ ಹೊರೆ ಪಕ್ಕದ ಕೀಲಿಗೆ ಬೀಳುತ್ತದೆ ಎಂಬ ವಿವರಣೆ ಎಲ್ಲರಿಗೂ ಹಿಡಿಸಿತು. ಕೃತಕ ಡಿಸ್ಕುಗಳಿಗೆ ಹೆದ್ದಾರಿ ತೆರೆದದ್ದು ಈ ಭಯ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪ್ರೆಸ್ಟೀಜ್ ಮತ್ತು ಪ್ರೊಡಿಸ್ಕ್-ಸಿ ಡಿಸ್ಕುಗಳಿಗೆ ಅನುಮತಿ ನೀಡಿತು.

ಆದರೆ ಅದೇ ಹಿಲಿಬ್ರ್ಯಾಂಡ್ ವರದಿಯಲ್ಲಿ ಇನ್ನೊಂದು ಅಂಶವೂ ಇತ್ತು. ಒಂದು ಡಿಸ್ಕನ್ನು ಬೆಸೆದವರಿಗಿಂತ ಹಲವು ಡಿಸ್ಕುಗಳನ್ನು ಬೆಸೆದವರಲ್ಲಿ ಪಕ್ಕದ ತೊಂದರೆ ಕಡಿಮೆ. ಹೊರೆಯ ಸಿದ್ಧಾಂತವೇ ನಿಜವಾಗಿದ್ದರೆ ಲೆಕ್ಕ ತಿರುವುಮುರುವಾಗಬೇಕಿತ್ತು. ಸಹಜ ವಿವರಣೆ ಇದು: ಐದು–ಆರನೆಯ ಮತ್ತು ಆರು–ಏಳನೆಯ ಮೂಳೆಗಳ ನಡುವಿನ ಡಿಸ್ಕುಗಳು ಎಲ್ಲರಲ್ಲೂ ಮೊದಲು ಸವೆಯುವಂಥವು, ಹಲವು ಡಿಸ್ಕುಗಳ ಬೆಸುಗೆಯಲ್ಲಿ ಅವೆರಡೂ ಆಗಲೇ ಸೇರಿಹೋಗಿರುತ್ತವೆ. ಪಕ್ಕದ ಡಿಸ್ಕ್ ಸವೆಯುವುದರಲ್ಲಿ ವಯಸ್ಸಿನ, ವಂಶದ ಪಾಲು ಎಷ್ಟು, ಬೆಸುಗೆಯ ಪಾಲು ಎಷ್ಟು ಎಂದು ಬೇರ್ಪಡಿಸಲು ಇದುವರೆಗೆ ಆಗಿಲ್ಲ. ತಯಾರಕರ ಪ್ರಯೋಗಗಳಲ್ಲಿ ಕೃತಕ ಡಿಸ್ಕಿನವರಿಗೆ ಮರುಶಸ್ತ್ರಚಿಕಿತ್ಸೆ ಕಡಿಮೆಯಾಯಿತು ಎಂಬುದು ನಿಜ. ಮತ್ತೆ ಕೊಯ್ಯಬೇಕೇ ಬೇಡವೇ ಎಂದು ತೀರ್ಮಾನಿಸುವವರಿಗೆ ಒಳಗೇನಿದೆ ಎಂದು ಗೊತ್ತಿತ್ತು ಎಂಬುದೂ ಅಷ್ಟೇ ನಿಜ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕೆಲವು ಕೃತಕ ಡಿಸ್ಕುಗಳ ಸುತ್ತ ವರ್ಷಗಳು ಕಳೆದಂತೆ ಮೂಳೆ ಬೆಳೆದು ಚಲನೆ ನಿಂತೇಹೋಗುತ್ತದೆ. ಹಾಗಾದ ರೋಗಿಗಳು ಮಿಕ್ಕವರಿಗಿಂತ ಕೆಟ್ಟದಾಗಿರುವುದು ಸಾಮಾನ್ಯವಾಗಿ ಕಂಡುಬಂದಿಲ್ಲ. ಬೆಸೆಯದ ಕೇಜೂ ಬೆಸೆದುಹೋದ ಡಿಸ್ಕೂ ರೋಗಿಗೆ ಒಂದೇ ತೆರನ ಉತ್ತರ ಕೊಡುತ್ತಿದ್ದರೆ, ಉತ್ತರ ಬೇರೆಲ್ಲೋ ಇದೆ ಎಂದೇ ಅರ್ಥ.

ಯಾರ ಕತ್ತು, ಯಾವ ಹೊತ್ತು

ಎರಡು ಬೇರೆ ಕಾಯಿಲೆಗಳಿಗೆ ಒಂದೇ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಒಂದರಲ್ಲಿ ತೋಳಿಗೆ ಹೋಗುವ ನರದ ಬೇರು ಒತ್ತಿಹೋಗುತ್ತದೆ: ಭುಜದಿಂದ ಬೆರಳಿನವರೆಗೆ ಸೆಳೆತ, ಜೋಮು. ಇನ್ನೊಂದರಲ್ಲಿ ಬೆನ್ನುಹುರಿಯೇ ಒತ್ತಿಹೋಗುತ್ತದೆ. ಅಲ್ಲಿ ನೋವು ಇಲ್ಲದೆಯೂ ಇರಬಹುದು. ಅಂಗಿಯ ಗುಂಡಿ ಸೇರುವುದಿಲ್ಲ, ಅನ್ನ ಕಲಸಿ ತುತ್ತು ಮಾಡಲು ಬೆರಳು ಒಗ್ಗುವುದಿಲ್ಲ, ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತೇ ಆಗುವುದಿಲ್ಲ. ಮುಷ್ಟಿ ಕಟ್ಟಿ ಬಿಡಿಸುವುದನ್ನು ಆರೋಗ್ಯವಂತರು ಹತ್ತು ಸೆಕೆಂಡಿನಲ್ಲಿ ಇಪ್ಪತ್ತು ಸಲ ಮಾಡಬಲ್ಲರು. ಇವರಿಗೆ ಅದರ ಅರ್ಧವೂ ಕಷ್ಟವಾಗಬಹುದು.

ಮೊದಲನೆಯ ಕಾಯಿಲೆ ಬಹುಮಟ್ಟಿಗೆ ತಾನಾಗಿ ಇಳಿಯುವಂಥದ್ದು. ಮುಂದೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ನಿರ್ದೇಶಕರಾದ ಕುರುಪತ್ ರಾಧಾಕೃಷ್ಣನ್ ಅಮೆರಿಕದ ರಾಚೆಸ್ಟರ್ ಊರಿನ 561 ರೋಗಿಗಳ ದಾಖಲೆಯನ್ನು ಪರಿಶೀಲಿಸಿ 1994ರಲ್ಲಿ ಪ್ರಕಟಿಸಿದರು. ಸುಮಾರು ಕಾಲುಭಾಗ ಜನ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಕೊನೆಯ ಭೇಟಿಯ ಹೊತ್ತಿಗೆ ಒಟ್ಟು ಶೇ 90ರಷ್ಟು ಮಂದಿಗೆ ತೊಂದರೆ ಇರಲಿಲ್ಲ, ಇದ್ದರೂ ಅಲ್ಪ. ಸ್ವೀಡನ್ನಿನಲ್ಲಿ 1997ರಲ್ಲಿ ವರದಿಯಾದ 81 ರೋಗಿಗಳ ಪ್ರಯೋಗ ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ಕಾಲರ್ ಮೂರನ್ನೂ ಹೋಲಿಸಿತು. ಮೊದಲ ತಿಂಗಳುಗಳಲ್ಲಿ ಕೊಯ್ಯಿಸಿಕೊಂಡವರು ಮುಂದಿದ್ದರು, ವರ್ಷದ ಕೊನೆಗೆ ಮೂರೂ ಸಮವಾದವು. ಇಷ್ಟಕ್ಕೇ ನಿಲ್ಲಿಸಿದರೆ ಶಸ್ತ್ರಚಿಕಿತ್ಸೆ ಬೇಡವೆಂದೇ ತೀರ್ಪು ಕೊಡಬಹುದಿತ್ತು. ಆದರೆ ಅದೇ ದೇಶದ 63 ರೋಗಿಗಳ ನಂತರದ ಪ್ರಯೋಗ, ಐದರಿಂದ ಎಂಟು ವರ್ಷದ ಬಳಿಕ ನೋಡಿದಾಗ, ಫಿಸಿಯೋಥೆರಪಿಯ ಜೊತೆಗೆ ಬೆಸುಗೆಯೂ ಆದವರು ಬರೀ ಫಿಸಿಯೋಥೆರಪಿಯವರಿಗಿಂತ ಚೆನ್ನಾಗಿದ್ದರು ಎಂದು ಹೇಳಿತು. ಆದ್ದರಿಂದ ಮೊದಲ ಆರು ವಾರಗಳಲ್ಲಿ ಕಾಯುವುದು ಹೆಚ್ಚಿನವರಿಗೆ ಸರಿಯಾದ ದಾರಿ, ಕಾದರೂ ಇಳಿಯದ ನೋವಿಗೆ ಶಸ್ತ್ರಚಿಕಿತ್ಸೆ ನ್ಯಾಯವಾದದ್ದು ಎಂದು ನಾನು ಓದುತ್ತೇನೆ. ಕೈಯ ಬಲ ಕುಗ್ಗುತ್ತಿದ್ದರೆ ಕಾಯಬಾರದು ಎಂಬುದು ಬೇರೆ ಮಾತು.

ಬೆನ್ನುಹುರಿಯ ಕಾಯಿಲೆಯಲ್ಲಿ ಕಾಯುವುದೇ ಅಪಾಯ. 2013ರಲ್ಲಿ ಪ್ರಕಟವಾದ 12 ಕೇಂದ್ರಗಳ 278 ರೋಗಿಗಳ ಅಧ್ಯಯನದಲ್ಲಿ, ಒತ್ತಡ ಇಳಿಸಿ ಒಂದು ವರ್ಷ ಕಳೆದಾಗ ಸೌಮ್ಯ, ಮಧ್ಯಮ, ತೀವ್ರ ಮೂರೂ ಹಂತದವರು ಸುಧಾರಿಸಿದ್ದರು. ಮುಂಭಾಗದಿಂದ ಹೋಗಬೇಕೇ ಹಿಂಭಾಗದಿಂದಲೇ ಎಂದು 163 ರೋಗಿಗಳಲ್ಲಿ ಹೋಲಿಸಿದ ಪ್ರಯೋಗ 2021ರಲ್ಲಿ ಬಂತು. ಬದುಕಿನ ಗುಣಮಟ್ಟದ ಅಂಕದಲ್ಲಿ ವರ್ಷದ ನಂತರ ವ್ಯತ್ಯಾಸವಿರಲಿಲ್ಲ. ತೊಂದರೆಗಳು ಮಾತ್ರ ಮುಂಭಾಗದಲ್ಲಿ ಶೇ 48, ಹಿಂಭಾಗದಲ್ಲಿ ಶೇ 24.

ನುಂಗುವಾಗ ಸಿಕ್ಕಿಬೀಳುವುದು

ಮುಂಭಾಗದ ಆ ತೊಂದರೆಗಳಲ್ಲಿ ಬಹುಪಾಲು ನುಂಗುವ ಕಷ್ಟ. ಅದರ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ. 1,015 ರೋಗಿಗಳ ದಾಖಲೆಗಳನ್ನು ನೋಡಿದ 2007ರ ಒಂದು ವರದಿಯಲ್ಲಿ ನುಂಗುವ ತೊಂದರೆ ಶೇ 9.5, ಧ್ವನಿಯ ನರಕ್ಕೆ ಪೆಟ್ಟಾಗಿ ಗೊಗ್ಗರು ದನಿಯಾದವರು ಶೇ 3.1. ರೋಗಿಗಳನ್ನೇ ಕೇಳಿ ತಿಳಿದ 2002ರ ಅಧ್ಯಯನದಲ್ಲಿ ಮೊದಲ ತಿಂಗಳು ಅರ್ಧದಷ್ಟು ಜನ ನುಂಗಲು ಕಷ್ಟವೆಂದರು. ಆರು ತಿಂಗಳಿಗೆ ಅದು ಶೇ 17.8ಕ್ಕೂ ವರ್ಷಕ್ಕೆ ಶೇ 12.5ಕ್ಕೂ ಇಳಿಯಿತು. ಶಸ್ತ್ರಚಿಕಿತ್ಸೆ ಅದೇ, ಗಂಟಲೂ ಅದೇ. ಬದಲಾದದ್ದು ಯಾರನ್ನು, ಯಾವಾಗ ಕೇಳಿದರು ಎಂಬುದು. ಬೆಸುಗೆಯ ಹಂಬಲ ಎಷ್ಟು ದೂರ ಕೊಂಡೊಯ್ಯಬಹುದು ಎಂಬುದಕ್ಕೂ ಗಂಟಲೇ ಸಾಕ್ಷಿ. ಮೂಳೆ ಬೆಳೆಸುವ ಬಿಎಂಪಿ ಎಂಬ ಪ್ರೋಟೀನಿಗೆ 2002ರಲ್ಲಿ ಅನುಮತಿ ಸಿಕ್ಕಿದ್ದು ಸೊಂಟದ ಬೆನ್ನೆಲುಬಿಗೆ. ಬೆಸುಗೆ ಚೆನ್ನಾಗಿ ಆಗುತ್ತದೆಂದು ಕತ್ತಿನ ಕೇಜುಗಳಲ್ಲೂ ತುಂಬಿದರು. ಕತ್ತು ಊದಿ ಉಸಿರುಗಟ್ಟಿದ ಪ್ರಕರಣಗಳು ಬಂದ ಮೇಲೆ 2008ರ ಜುಲೈನಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಪ್ರಾಣಾಪಾಯದ ಎಚ್ಚರಿಕೆ ಹೊರಡಿಸಬೇಕಾಯಿತು. ಎಕ್ಸ್‌ರೇ ಚೆನ್ನಾಗಿ ಕಾಣಲೆಂದು ರೋಗಿಯನ್ನು ಅಪಾಯಕ್ಕೆ ಒಡ್ಡಿದ ಈ ಪ್ರಸಂಗ ನನಗೆ ಈ ಇಡೀ ಚರಿತ್ರೆಯ ಅತ್ಯಂತ ನೋವಿನ ಭಾಗ.

ಇತ್ಯರ್ಥವಾಗದೆ ಉಳಿದದ್ದು

ಬೆನ್ನುಹುರಿಯ ಒತ್ತಡ ಸೌಮ್ಯವಾಗಿರುವಾಗ ಕೊಯ್ಯಬೇಕೇ ಎಂಬುದು ಮೊದಲನೆಯದು. ಜೆಕ್ ದೇಶದ ಒಂದು ಸಣ್ಣ ಪ್ರಯೋಗದಲ್ಲಿ ಕೊಯ್ಯಿಸಿಕೊಂಡವರ ಮತ್ತು ಕೊಯ್ಯಿಸಿಕೊಳ್ಳದವರ ನಡುವೆ ಹತ್ತು ವರ್ಷದ ನಂತರವೂ ಅಂತರ ಕಾಣಲಿಲ್ಲ. 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸೌಮ್ಯ ಹಂತದವರಿಗೆ ಶಸ್ತ್ರಚಿಕಿತ್ಸೆಯನ್ನೂ ನಿಗಾದೊಂದಿಗಿನ ಪುನಶ್ಚೇತನವನ್ನೂ ಆಯ್ಕೆಯಾಗಿ ಮುಂದಿಟ್ಟು ಸುಮ್ಮನಾಯಿತು. ಯಾರು ಸೌಮ್ಯ ಹಂತದಲ್ಲೇ ಉಳಿಯುತ್ತಾರೆ, ಯಾರು ಜಾರುತ್ತಾರೆ ಎಂದು ಮುಂಚಿತವಾಗಿ ಹೇಳುವ ಎಂಆರ್‌ಐ ಗುರುತು ಖಚಿತವಾಗಿಲ್ಲ. ತೋಳಿನ ಸೆಳೆತವಾಗಲಿ ಕೈಯ ದೌರ್ಬಲ್ಯವಾಗಲಿ ಇಲ್ಲದೆ ಕತ್ತು ಮಾತ್ರ ನೋಯುವವರಿಗೆ ಬೆಸುಗೆ ಹಾಕಬೇಕೇ ಎಂಬುದಕ್ಕೆ ಇರುವ ಆಧಾರ ಇನ್ನೂ ತೆಳು. ಮಂಡಿಯ, ಭುಜದ ಕೆಲವು ಶಸ್ತ್ರಚಿಕಿತ್ಸೆಗಳನ್ನು ಬರೀ ಚರ್ಮ ಕೊಯ್ದು ಹೊಲಿಯುವ ಸೋಗಿನ ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿದಾಗ ಲಾಭ ಕರಗಿತ್ತು. ಕತ್ತಿನಲ್ಲಿ ಅಂಥ ಹೋಲಿಕೆ ಎಷ್ಟರಮಟ್ಟಿಗೆ ನ್ಯಾಯ ಎಂಬುದೇ ವಿವಾದ. ಹಲವು ಡಿಸ್ಕುಗಳ ಬೆಸುಗೆಗೆ ಯಾವ ವಸ್ತುವಿನ ಕೇಜ್ ಮೇಲು ಎಂಬುದೂ ದೀರ್ಘಕಾಲದ, ತಯಾರಕರ ಹಂಗಿಲ್ಲದ ಪ್ರಯೋಗಗಳಿಗೆ ಕಾದಿದೆ.

ಅಳತೆಗೋಲಿನ ಪ್ರಶ್ನೆ ನಮಗೆ ಇನ್ನೂ ಹತ್ತಿರದ್ದು. 1991ರಲ್ಲಿ ಪ್ರಕಟವಾದ, ಜಗತ್ತೆಲ್ಲ ಬಳಸುವ ಕತ್ತಿನ ನೋವಿನ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ. ಅವುಗಳಲ್ಲಿ ಒಂದು ಕಾರು ಓಡಿಸುವುದರ ಬಗ್ಗೆ, ಒಂದು ಓದುವುದರ ಬಗ್ಗೆ. ಬೆನ್ನುಹುರಿಯ ಕಾಯಿಲೆಗೆಂದು ಜಪಾನೀಯರು ಮಾಡಿದ ಅಳತೆ ಚಾಪ್‌ಸ್ಟಿಕ್ ಹಿಡಿಯಲು ಬರುತ್ತದೆಯೇ ಎಂದು ಕೇಳುತ್ತಿತ್ತು. ಅಮೆರಿಕಕ್ಕೆ ಹೋಗಿ ಅದು ಚಮಚವಾಯಿತು. ಕೈಯಲ್ಲೇ ಉಣ್ಣುವ, ಕಾರು ಓಡಿಸದ, ತಲೆಯ ಮೇಲೆ ಸೌದೆಯೋ ಕೊಡವೋ ಹೊರುವ, ನೆಲದ ಮೇಲೆ ಕೂತು ಏಳುವ ಮನುಷ್ಯನಿಗೆ ಶಸ್ತ್ರಚಿಕಿತ್ಸೆಯ ನಂತರ ಏನು ಮರಳಿತು, ಏನು ಮರಳಲಿಲ್ಲ ಎಂಬುದನ್ನು ಈ ಪ್ರಶ್ನೆಗಳು ಎಷ್ಟರಮಟ್ಟಿಗೆ ಹಿಡಿಯುತ್ತವೆ ಎಂಬುದು ಇನ್ನೂ ತೀರದ ಪ್ರಶ್ನೆ. ಕತ್ತು ಬೆಸೆದುಕೊಂಡವರು ಮತ್ತೆ ತಲೆಹೊರೆ ಹೊರಬಹುದೇ, ಹೊತ್ತರೆ ಪಕ್ಕದ ಡಿಸ್ಕಿಗೆ ಏನಾಗುತ್ತದೆ ಎಂಬುದಕ್ಕೆ, ಕಚೇರಿ ಕೆಲಸದ ಯುರೋಪಿಯನ್ ರೋಗಿಗಳ ಮೇಲೆ ನಡೆದ ಪ್ರಯೋಗಗಳಿಂದ ಉತ್ತರ ಸಿಗುವುದಿಲ್ಲ.